ಅತ್ತೆಯ ಗಿರಕಿ ಪೆಟ್ಟಿಗೆ

ಗೋಕಾಕದ ಆ ಮನೆಗೆ ನಾನು ಹೋದದ್ದು ನೀರೆತ್ತುವ ಮೋಟಾರು ನೋಡಲಿಕ್ಕೆ. ಮೂಡಲಗಿಯಲ್ಲಿ ನಮ್ಮದು ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿನ ಹಳೇ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವುದು ನಮ್ಮ ಹೊಟ್ಟೆಪಾಡು. ಹೊಲದ ಬಾವಿ, ಬೋರುಗಳ ಕಡೆ ನನ್ನ ಯಜಮಾನರು ಓಡಾಡುತ್ತಾರೆ, ಅಂಗಡಿಯಲ್ಲಿ ಕೂತು ತಂತಿ ಸುತ್ತುವುದು ನಾನು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಎದುರು ಕೂತು ನೋಡಿ ನೋಡಿ ಕಲಿತದ್ದು. ಈಗ ನನ್ನ ಕೈಯೇ ಚುರುಕು ಎಂದು ಅವರೇ ಗಿರಾಕಿಗಳ ಮುಂದೆ ಹೇಳುತ್ತಾರೆ, ಹೇಳಿ ಹೊರಗಿನ ಕೆಲಸಕ್ಕೂ ನನ್ನನ್ನು ಅಟ್ಟುತ್ತಾರೆ.

ಮೋಟಾರಿಗೆ ದೊಡ್ಡ ರೋಗವೇನೂ ಇರಲಿಲ್ಲ. ಕೆಪ್ಯಾಸಿಟರ್ ಬದಲಿಸಿ, ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ಓಣಿಯಂಥ ಇಕ್ಕಟ್ಟು ಜಾಗದಲ್ಲಿ ಒಂದು ಮರದ ಕಪಾಟು ಕಂಡಿತು. ಎದೆಮಟ್ಟದ ಎತ್ತರ. ಮೇಲೆ ಕೆಳಗೆ ಎರಡೂ ಕಡೆ ಕಿಟಕಿಯ ಹಾಗೆ ಅಡ್ಡಪಟ್ಟಿಗಳ ಸಂದು. ಅದರ ನೆತ್ತಿಯ ಮೇಲೆ ಉಪ್ಪಿನಕಾಯಿ ಭರಣಿಗಳು. ಹಾಲು-ಮೊಸರು ಇಡುವ ಹಳೇ ಕಪಾಟಿರಬೇಕು ಅಂದುಕೊಂಡೆ. ಆದರೆ ಹಿಂದಿನ ಹಲಗೆ ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿತ್ತು, ಅಲ್ಲಿಂದ ತಾಮ್ರದ ತಂತಿಯ ಸುರುಳಿಯೊಂದು ನನ್ನ ಕಣ್ಣಿಗೆ ಬಿತ್ತು. ತಾಮ್ರ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ಮೊಬೈಲಿನ ಬೆಳಕು ಬಿಟ್ಟು ಇಣುಕಿದೆ. ಒಂದರ ಮೇಲೊಂದು ಕೂರಿಸಿದ ಮೋಟಾರುಗಳು! ಮೇಲಿನ ಖಾನೆಯಲ್ಲಿ ಎರಡು ಬಾಯಿಯ ಕಪ್ಪು ಕಹಳೆ, ಕೆಳಗೆ ಪಿಪಾಯಿಯಂಥ ದೊಡ್ಡ ಉರುಳೆ.

“ಬಾಯಾರ, ಇದೇನ್ರಿ ಇದು?” ಎಂದು ಮನೆಯಾಕೆಯನ್ನು ಕೇಳಿದೆ.

“ನಮ್ಮ ಮಾವನವರ ಆರ್ಕೆಸ್ಟ್ರಾದ್ದು ನೋಡ್ರಿ. ಅವರು ಹೋಗಿ ಭಾಳ ವರ್ಷ ಆತು. ಬಾಕಿ ಸಾಮಾನೆಲ್ಲಾ ಯಾರ್ಯಾರೋ ಒಯ್ದ್ರು, ಇದೊಂದು ಯಾರಿಗೂ ಬೇಕಾಗ್ಲಿಲ್ಲ. ಒಳಗ ಏನೋ ತಿರಗತಿತ್ತಂತ.”

ಏನೋ ತಿರಗತಿತ್ತಂತ!

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಗಂಡನ ತಾಯಿ ಅಲ್ಲ, ನನ್ನ ಅಪ್ಪನ ತಂಗಿ. ಹುಕ್ಕೇರಿ ತಾಲೂಕಿನ ಹಿಡಕಲ್ ಹತ್ತಿರ ಕುರಿ, ಕಬ್ಬು ಎರಡೂ ಇರುವ ತುಂಬಿದ ಮನೆಯ ಹಿರಿಯಳು. ಮದುವೆಗೆ ಮುಂಚೆ ಆಕೆ ಗೋಕಾಕದ ಒಂದು ಆರ್ಕೆಸ್ಟ್ರಾದಲ್ಲಿ ಕರೆಂಟಿನ ಆರ್ಗನ್ ಬಾರಿಸುತ್ತಿದ್ದಳು. ಭಜನೆಯಲ್ಲಿ ಆಕೆಯ ಹಾರ್ಮೋನಿಯಂ ಕೇಳಿದ ಆರ್ಕೆಸ್ಟ್ರಾದ ಮಾಲೀಕರು ನನ್ನ ಅಜ್ಜನ ಮುಂದೆ ಕೂತು ಕೇಳಿ ಕರೆದುಕೊಂಡು ಹೋಗಿದ್ದರಂತೆ. ಅವಳು ಹೋದಲ್ಲೆಲ್ಲ ಅಜ್ಜಿಯೂ ಎಲೆಅಡಿಕೆ ಚೀಲ ಹಿಡಿದು ಜೊತೆಗೆ. ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಎಲ್ಲ ಕಡೆ ಮದುವೆ, ಗಣಪತಿ ಕಾರ್ಯಕ್ರಮ. ಆಕೆಯ ಆರ್ಗನ್ನಿಗೆ ಒಂದು ವಿಚಿತ್ರ ಸ್ಪೀಕರ್ ಇತ್ತಂತೆ. ಅದರೊಳಗೆ ಕಹಳೆ ಗಿರಗಿರ ತಿರುಗುತ್ತಿತ್ತಂತೆ, ದನಿ ಕೂತವರ ತಲೆಯ ಸುತ್ತ ಗಿರಕಿ ಹೊಡೆಯುತ್ತಿತ್ತಂತೆ. ನಾವು ಮಕ್ಕಳೆಲ್ಲ ಇದನ್ನು ಕೇಳಿ ನಗುತ್ತಿದ್ದೆವು. ಸ್ಪೀಕರ್ ಯಾಕೆ ತಿರುಗಬೇಕು? ತಿರುಗಿದರೆ ತಂತಿ ಸಿಕ್ಕುಹಾಕಿಕೊಳ್ಳುವುದಿಲ್ಲವೇ? ಅತ್ತೆಗೆ ವಾದ ಬೇಡವಾಗಿತ್ತು. “ನೀವು ಕೇಳಿಲ್ಲ ಬಿಡ್ರಿ,” ಎಂದು ಎದ್ದುಹೋಗುತ್ತಿದ್ದಳು.

ಅಲ್ಲೇ ಹಿತ್ತಿಲಲ್ಲಿ ನಿಂತು ಅತ್ತೆಗೆ ವಿಡಿಯೋ ಕಾಲ್ ಹಚ್ಚಿದೆ. ಮೊದಲು ಅವಳ ಕಿವಿ ಕಂಡಿತು, ಆಮೇಲೆ ಮನೆಯ ತೊಲೆ, ಆಮೇಲೆ ಮುಖ.

“ಅತ್ತಿ, ಇದನ್ನ ನೋಡ ಬೇ. ಏನಿದು ಹೇಳು.”

ಮೊಬೈಲನ್ನು ಕಪಾಟಿನ ಕಡೆ ತಿರುಗಿಸಿದೆ. ಅತ್ತೆಯ ದನಿ ಬಂತು.

“ಆ ಭರಣಿ ಸರಸು. ಎಡಗಡೆ ಮೂಲ್ಯಾಗ ಸಿಗರೇಟ ಸುಟ್ಟ ಕಲಿ ಐತೇನ ನೋಡು. ನಮ್ಮ ಕ್ಲಾರಿನೆಟ್‌ನಂವ ಇಟ್ಟ ಮರತಿದ್ದ.”

ಭರಣಿ ಸರಿಸಿ ಸೆರಗಿನಿಂದ ಧೂಳು ಒರೆಸಿದೆ. ಎಡಗಡೆಯ ಮೂಲೆಯಲ್ಲಿ ಕಪ್ಪಗೆ, ಹುಣಸೆಬೀಜದಷ್ಟು ಸುಟ್ಟ ಗುರುತು.

“ಐತಿ ಅತ್ತಿ! ಐತಿ!”

“ನಂದ ಪೆಟಗಿ ಅದು! ಏ, ಯಾರರೆ ಒಯ್ದಗಿಯ್ದಾರು, ಅಲ್ಲೇ ನಿಂದ್ರು. ನಾ ಬರಾಕತ್ತೇನಿ!”

ಬರುವುದು ಬೇಡ, ಪೆಟ್ಟಿಗೆಯನ್ನೇ ಮೂಡಲಗಿಗೆ ಒಯ್ಯುತ್ತೇನೆ ಎಂದು ಅವಳನ್ನು ಸಮಾಧಾನ ಮಾಡುವುದರಲ್ಲಿ ಸಾಕಾಯಿತು. ಮನೆಯಾಕೆ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. ಅವರ ಕಣ್ಣೂ ಅರಳಿತ್ತು. “ಬಾರಿಸಿದವ್ರು ಇನ್ನೂ ಅದಾರಂದ್ರ ಅವರ ಕಡೇನ ಇರಲಿ ತಗೋರಿ. ಒಂದ ಮಾತು, ಚಾಲೂ ಆದ್ರ ನನಗೂ ಕೇಳಸ್ಬೇಕು. ನಾ ಈ ಮನಿಗೆ ಬರೂದ್ರಾಗ ಆರ್ಕೆಸ್ಟ್ರಾ ಮುಗದಿತ್ತು,” ಎಂದರು.

ಟೆಂಪೋದಲ್ಲಿ ಪೆಟ್ಟಿಗೆಗೆ ಎರಡು ಕೌದಿ ಸುತ್ತಿ ನಿಲ್ಲಿಸಿ, ನಾನೂ ಹಿಂದೆಯೇ ಹತ್ತಿ ಅದನ್ನು ತಬ್ಬಿಕೊಂಡು ಕೂತೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮೂಡಲಗಿ ಮುಟ್ಟುವವರೆಗೆ ಒಳಗಿನ ಉರುಳೆ ಗುಂಡಿ ಬಂದಾಗೊಮ್ಮೆ ಧಡ್ ಎನ್ನುತ್ತಿತ್ತು. ಪ್ರತಿ ಧಡ್‌ಗೂ ನನ್ನ ಜೀವ ಹೋಗಿ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಕದ ತೆಗೆಯುವಷ್ಟರಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಬಸ್ಸು ಹಿಡಿದಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಮಡಿಲಲ್ಲಿ ರೊಟ್ಟಿಯ ಗಂಟು. “ಚಾಲೂ ಆತೇನ?” ಎಂದು ಕೇಳಿದಳು. ಇನ್ನೂ ಬಿಚ್ಚಿಯೇ ಇಲ್ಲ ಅಂದೆ. “ಹಂಗಾರ ಬಿಚ್ಚು, ನಿಂತೀ ಯಾಕ?”

ನನ್ನ ಯಜಮಾನರು ಹಿಂದಿನ ಹಲಗೆಯ ಸ್ಕ್ರೂಗಳನ್ನು ತೆಗೆದರು. ಮೂವರೂ ತಲೆಗೆ ತಲೆ ತಾಗಿಸಿ ಒಳಗೆ ನೋಡಿದೆವು. ಆಗ ನನಗೆ ಅದರ ಗುಟ್ಟು ತಿಳಿಯಿತು, ನನ್ನಷ್ಟಕ್ಕೆ ನಾನೇ ನಕ್ಕುಬಿಟ್ಟೆ. ಸ್ಪೀಕರುಗಳು ತಿರುಗುವುದೇ ಇಲ್ಲ, ಅವು ನಡುವಿನ ಹಲಗೆಗೆ ಭದ್ರವಾಗಿ ಕೂತಿವೆ. ಒಂದು ಮೇಲಕ್ಕೆ ಬಾಯಿ ಮಾಡಿ ಕಹಳೆಯೊಳಕ್ಕೆ ಊದುತ್ತದೆ, ಇನ್ನೊಂದು ಕೆಳಕ್ಕೆ ಬಾಯಿ ಮಾಡಿ ಉರುಳೆಯೊಳಕ್ಕೆ. ತಿರುಗುವುದು ಕಹಳೆ ಮತ್ತು ಉರುಳೆ. ಒಂದೊಂದಕ್ಕೂ ಎರಡು ಮೋಟಾರು, ಒಂದು ನಿಧಾನದ್ದು, ಒಂದು ಜೋರಿನದು. ಮಕ್ಕಳಾಗಿದ್ದಾಗ ನಾವು ಕೇಳಿದ್ದ ತಂತಿಯ ಪ್ರಶ್ನೆಗೆ ಉತ್ತರ ಇಷ್ಟು ಸರಳವಾಗಿತ್ತು.

“ನಾ ಹೇಳಿದ್ದಿಲ್ಲಾ?” ಅತ್ತೆ ಕೇಳಿದಳು.

“ಹೇಳಿದ್ದಿ ಬೇ ಅತ್ತಿ. ಖರೇನ ಹೇಳಿದ್ದಿ.”

ಕರೆಂಟು ಕೊಡುವ ಮೊದಲು ಎಲ್ಲವನ್ನೂ ಮೀಟರ್ ಹಿಡಿದು ನೋಡಿದೆವು. ಹೊರಗಿನಿಂದ ಬರುತ್ತಿದ್ದ ದಪ್ಪ ಕೇಬಲ್ಲನ್ನು ಯಾರೋ ಕತ್ತರಿಸಿದ್ದರು. ಅದರಲ್ಲಿ ಕರೆಂಟು, ಆರ್ಗನ್ನಿನ ದನಿ, ವೇಗ ಬದಲಿಸುವ ತಂತಿ ಎಲ್ಲ ಒಟ್ಟಿಗೆ ಇದ್ದವು. ಇದರಲ್ಲಿ ಅದಲುಬದಲಾದರೆ ದನಿ ಬರಬೇಕಾದಲ್ಲಿ ಹೊಗೆ ಬರುತ್ತದೆ. ನಾನು ನೆಲದ ಮೇಲೆ ಅಂಗಾತ ಮಲಗಿ ತಲೆಯನ್ನು ಪೆಟ್ಟಿಗೆಯೊಳಗೆ ತೂರಿಸಿ, ಒಂದೊಂದೇ ತಂತಿಯ ಜಾಡು ಹಿಡಿದು, ಗೊತ್ತಾದ ತಂತಿಗೆ ಬೇರೆ ಬೇರೆ ಬಣ್ಣದ ಕೊಳವೆ ಏರಿಸುತ್ತ ಹೋದೆ. ಪೆಟ್ಟಿಗೆ ಪರದೇಶದ್ದು, ನಮ್ಮ ಮನೆಗಳ ಅರ್ಧ ವೋಲ್ಟೇಜಿನ ಮೇಲೆ ನಡೆಯುವಂಥದ್ದು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರನ್ನು ನಾವೇ ಸುತ್ತಿದೆವು. ಅದು ನಮಗೆ ದಿನದ ಕೆಲಸ.

ಮೇಲಿನ ಎರಡು ಮೋಟಾರುಗಳು ಮುಟ್ಟಿದ ತಕ್ಷಣ ತಿರುಗಿದವು. ಕೆಳಗಿನ ನಿಧಾನದ್ದೂ ನರಳುತ್ತ ಎದ್ದಿತು. ಜೋರಿನದು ಮಾತ್ರ ಸತ್ತಿತ್ತು. ಸುರುಳಿ ಬಿಚ್ಚಿದಾಗ ಸುಟ್ಟ ಅರಗಿನ ಪರಿಚಿತ ವಾಸನೆ. ನನಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಪರದೇಶದ ಪೆಟ್ಟಿಗೆಯಲ್ಲಿ ಸುಟ್ಟಿರುವುದು ನನಗೆ ಬರುವ ವಿದ್ಯೆಯೇ! ಹಳೇ ಸುತ್ತುಗಳನ್ನು ಎಣಿಸಿಕೊಂಡು, ಅದೇ ದಪ್ಪದ ತಂತಿ ಹುಡುಕಿ ಸುತ್ತಲು ಕೂತೆ. ಕಬ್ಬಿನ ಹೊಲದ ಮೋಟಾರಿಗೆ ಹಗ್ಗದಂಥ ತಂತಿ ಸುತ್ತಿ ರೂಢಿಯಾದ ಬೆರಳುಗಳಿಗೆ ಇದು ಕೂದಲು ಹೆಣೆದಂತೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತ, ಎಣಿಕೆಯ ನಡುವೆಯೇ ಮಾತಾಡಿಸುತ್ತಿದ್ದಳು. ಒಮ್ಮೆ ಎಣಿಕೆ ತಪ್ಪಿ ಮೊದಲಿನಿಂದ ಸುತ್ತಿದೆ. “ಇನ್ನ ನಾ ಬಾಯಿ ತಗ್ಯಾಂಗಿಲ್ಲ,” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಆ ಕೂತ ಚಂದಕ್ಕೆ ನನಗೆ ನಗು ಬಂದು ಮತ್ತೆ ಎಣಿಕೆ ತಪ್ಪಿತು.

ಕಹಳೆಯ ಒಂದು ಬಾಯಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ನೀರಲ್ಲಿ ನೆನೆಸಿ ನಾಜೂಕಾಗಿ ತೆಗೆದೆ. ಊದಿ ನೋಡಿದರೆ ಗಾಳಿ ಸಲೀಸಾಗಿ ಹೋಯಿತು. ಇನ್ನೊಂದು ಬಾಯಿಗೆ ಬಂದೆ. ಊದಿದರೆ ಗಾಳಿಯೇ ಹೋಗದು. ಇಲ್ಲೂ ಗೂಡಿದೆ, ಆಳದಲ್ಲಿದೆ ಎಂದು ತಂತಿ ತೂರಿಸಿದೆ. ಗಟ್ಟಿಯಾಗಿ ಏನಕ್ಕೋ ತಾಗಿತು. ಯಜಮಾನರು ಸೈಕಲ್ ಪಂಪು ತಂದರು. ಪಂಪು ಹೊಡೆದು ಹೊಡೆದು ಅವರ ಮುಖ ಕೆಂಪಾಯಿತೇ ಹೊರತು ಗೂಡು ಹೊರಬರಲಿಲ್ಲ. ಒಳಗೆ ರೊಟ್ಟಿ ಬಿಸಿ ಮಾಡುತ್ತಿದ್ದ ಅತ್ತೆ ಸದ್ದು ಕೇಳಿ ಬಂದಳು, ಬಂದವಳೇ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದಳು.

“ಅಯ್ಯ, ಅದರ ಜೀವಾ ಯಾಕ ತಿಂತೀರಿ? ಅದು ಹುಟ್ಟಾ ಮೂಕ. ಮಾತಾಡೂದು ಒಂದ ಬಾಯಿ.”

“ಮತ್ತ ಎರಡನೇದು ಯಾಕ ಅತ್ತಿ?”

“ತೂಕಕ್ಕ! ಒಂದ ಬಾಯಿ ಇದ್ರ ತಿರಗುವಾಗ ವಾಲತೈತಿ ಅಂತ ಜೋಡಿ ಹಚ್ಯಾರ. ನಮ್ಮ ಮಾಲೀಕ್ರು ಮಂದಿಗೆ ತೋರಿಸಿ ನಗತಿದ್ರು, ‘ನಾನೂ ನನ್ನ ಹೇಣ್ತಿ ಇದ್ದಂಗ’ ಅಂತ.”

“ಯಾರು ಮೂಕ ಅದರಾಗ?” ಎಂದು ನನ್ನ ಯಜಮಾನರು ಪಂಪು ಕೆಳಗಿಟ್ಟು ಕೇಳಿದರು.

“ನಿನಗ್ಯಾಕ ಬೇಕೋ ಅದು?” ಅಂದಳು ಅತ್ತೆ.

ಬೆಲ್ಟಿನದು ಬೇರೆ ಪೇಚಾಟ. ಹಳೆಯವು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಲಿಗೆ ಮಷಿನ್ನಿನ ಚರ್ಮದ ಬೆಲ್ಟು ತಂದು ಅಳತೆಗೆ ಕತ್ತರಿಸಿ ಕೊಂಡಿ ಹಾಕಿದೆ. ತಿರುಗಿತು, ಆದರೆ ಪ್ರತಿ ಸುತ್ತಿಗೂ ಕೊಂಡಿ ರಾಟೆಗೆ ಬಡಿದು ಟಕ್ ಟಕ್ ಎನ್ನುತ್ತಿತ್ತು. ಅತ್ತೆ ತಲೆಯಾಡಿಸಿದಳು. “ಹಾಡಿನಾಗ ಕುದರಿ ಓಡಿದಂಗ ಆಕ್ಕೈತಿ,” ಅಂದಳು. ಗಂಟಿಲ್ಲದ, ಕೊಂಡಿಯಿಲ್ಲದ, ಜಾರದ ಹುರಿ ಬೇಕಿತ್ತು.

ಆ ವಾರ ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ, ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದರು. ಅವರ ಸೊಂಟದಲ್ಲಿ ಸದಾ ಉಣ್ಣೆ ನೂಲುವ ಕದಿರು ಇರುತ್ತದೆ. ಕುರಿ ಕಾಯುತ್ತಲೂ ನೂಲುತ್ತಾರೆ, ಬಸ್ಸಿಗೆ ಕಾಯುತ್ತಲೂ ನೂಲುತ್ತಾರೆ. ನಮ್ಮ ಪೇಚಾಟವನ್ನು ಚಹಾ ಕುಡಿಯುತ್ತ ನೋಡಿದರು.

“ಉಣ್ಣಿ ಹುರಿ ನಡಿಯಾಂಗಿಲ್ಲೇನ?” ಎಂದು ಕೇಳಿದರು.

ಹಿಗ್ಗುತ್ತದಲ್ಲ ಎಂದು ನಾನು ಅನುಮಾನಿಸಿದೆ. ಹತ್ತಿಯ ಎಳೆ ಸೇರಿಸಿದರೆ ಹಿಗ್ಗಲಿಕ್ಕಿಲ್ಲ ಎಂದು ಯಜಮಾನರು ಅಂದರು. ಇಬ್ಬರೂ ಅಂಗಳದಲ್ಲಿ ಎದುರುಬದುರು ನಿಂತು ಹೊಸೆದರು. ಮೊದಲ ಹುರಿ ದಪ್ಪವಾಗಿ ರಾಟೆಯ ಕಂಠದಲ್ಲಿ, ಅಂದರೆ ಅದರ ಸುತ್ತಣ ಕೊರಕಲಿನಲ್ಲಿ, ಕೂರಲಿಲ್ಲ. ಎರಡನೆಯದು ಸಡಿಲಾಗಿ ಕಳಚಿ ಬಿತ್ತು. ಮೂರನೆಯದರ ಎರಡೂ ತುದಿ ಬಿಚ್ಚಿ, ಎಳೆಯೊಳಗೆ ಎಳೆ ತೂರಿಸಿ ಹೆಣೆದು, ಮೇಲೆ ಮೇಣ ತಿಕ್ಕಿದರು. ಗಂಟು ಎಲ್ಲಿದೆ ಎಂದು ಬೆರಳಿಗೂ ಗೊತ್ತಾಗುತ್ತಿರಲಿಲ್ಲ. ಮೇಲಿನ ಕಹಳೆಗೂ ಅಂಥದೇ ಇನ್ನೊಂದು ಹೊಸೆದರು. ಏರಿಸಿ ಮೋಟಾರು ಬಿಟ್ಟೆವು. ಉರುಳೆ ಸದ್ದಿಲ್ಲದೆ ಸುತ್ತತೊಡಗಿತು, ಸಂದುಗಳಿಂದ ತಂಪು ಗಾಳಿ ಮುಖಕ್ಕೆ ಬಂತು. ಮಾಮಾ ಬಗ್ಗಿ ಗಾಳಿಗೆ ಮುಖವೊಡ್ಡಿದರು. “ನಮ್ಮ ಕುರಿ ಎಲ್ಲಿಗೆ ಬಂತು ನೋಡು!” ಅಂದರು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗುವ ಮಾತೇ ಎತ್ತದೆ ತಾವೂ ಉಳಿದರು.

ಇನ್ನು ಉಳಿದದ್ದು ಆಂಪ್ಲಿಫೈಯರ್. ಹಳೇ ರೇಡಿಯೋಗಳ ಹಾಗೆ ಗಾಜಿನ ಬುರುಡೆಗಳಿದ್ದದ್ದು. ಕರೆಂಟು ಕೊಟ್ಟಾಗ ಬುರುಡೆಗಳೆಲ್ಲ ಒಂದೊಂದಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಬಂದದ್ದು ಒಂದೇ ಸಮ ‘ಗುಂಯ್’ ಎನ್ನುವ ದನಿ, ಜೇನುಹುಟ್ಟು ಕೆದಕಿದ ಹಾಗೆ. ಒಳಗಿನ ದೊಡ್ಡ ಕೆಪ್ಯಾಸಿಟರುಗಳು ಒಣಗಿದ್ದವು. ಕರೆಂಟು ತೆಗೆದ ಮೇಲೂ ಅವುಗಳಲ್ಲಿ ಶಕ್ತಿ ಕೂತಿರುತ್ತದೆ ಎಂದು ಗೊತ್ತಿದ್ದರಿಂದ ಅದನ್ನು ಮೊದಲು ಇಳಿಸಿಕೊಂಡೇ ಕೈಹಾಕಿದೆ. ಗೋಕಾಕದ ಬಿಡಿಭಾಗಗಳ ಅಂಗಡಿಗಳಲ್ಲಿ ಸುತ್ತಿ, ಅದೇ ಅಳತೆಯವು ಸಿಗದೆ, ಎರಡೆರಡು ಜೋಡಿಸಿ ಅಳತೆ ಸರಿಮಾಡಿದೆವು. ಗುಂಯ್ ನಿಂತಿತು. ಎಷ್ಟು ನಿಶ್ಶಬ್ದವಾಯಿತೆಂದರೆ ಪೆಟ್ಟಿಗೆ ಸತ್ತಿತೆಂದು ನಾನು ಗಾಬರಿಯಾಗಿ ದನಿಯ ತಂತಿಗೆ ಬೆರಳು ತಾಗಿಸಿದೆ. ಗುರ್ರ್ ಅಂದಿತು. ಜೀವ ಇತ್ತು!

ಆರ್ಗನ್ ಎಲ್ಲಿಂದ ತರುವುದು? ಅದು ಎಂದೋ ಯಾರದೋ ಪಾಲಾಗಿತ್ತು. ಅತ್ತೆಗೆ ಅದರ ಚಿಂತೆಯೇ ಇರಲಿಲ್ಲ. “ನನ್ನ ಹಾರ್ಮೋನಿಯಂ ಐತೆಲ್ಲ, ಅದಕ್ಕ ಮೈಕ್ ಹಿಡೀರಿ,” ಅಂದಳು. ಅವಳ ಮಗ ಹಿಡಕಲ್‌ನಿಂದ ಬೈಕಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಬಂದ. ಒಂದು ಕೈ ತಿದಿ ಒತ್ತಲು, ಒಂದು ಕೈ ಬಿಳಿ-ಕಪ್ಪು ಸ್ವರದ ಮನೆಗಳ ಮೇಲೆ. ಹಾಗಾದರೆ ವೇಗ ಬದಲಿಸುವುದು ಹೇಗೆ? ಮನೆಯ ಮೆಟ್ಟಿಲಿಗೆ ಹಾಕುವಂಥ ಎರಡು ದಿಕ್ಕಿನ ಸ್ವಿಚ್ಚನ್ನು ಮರದ ಡಬ್ಬಿಯಲ್ಲಿ ಕೂರಿಸಿ ಅವಳ ಕಾಲ್ಬೆರಳ ಹತ್ತಿರ ಇಟ್ಟೆ.

ಗೋಕಾಕದ ಆ ಮನೆಯಾಕೆಯನ್ನು ಕರೆಸಿದೆವು. ಪಕ್ಕದ ಬೀಜ-ಗೊಬ್ಬರದ ಅಂಗಡಿಯವರು, ಎದುರಿನ ಹಿಟ್ಟಿನ ಗಿರಣಿಯಾಕೆ ಕರೆಯದೆಯೇ ಬಂದರು. ಅತ್ತೆ ಚಾಪೆಯ ಮೇಲೆ ಕೂತು ತಿದಿ ಒತ್ತಿದಳು. ಒಂದೇ ಸ್ವರ ಹಿಡಿದಳು, ನಿಧಾನದ ವೇಗದಲ್ಲಿ.

ಆ ದನಿಯನ್ನು ಹೇಗೆ ಹೇಳಲಿ? ಹಾರ್ಮೋನಿಯಮ್ಮಿನ ದನಿಯೇ ಹೌದು, ಆದರೆ ಅದಕ್ಕೆ ಉಸಿರು ಬಂದಿತ್ತು. ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಗೋಡೆ ಸವರಿಕೊಂಡು ಬೆನ್ನ ಹಿಂದಿನಿಂದ ಬರುತ್ತಿತ್ತು. ಗಿರಣಿಯಾಕೆ ನಿಜವಾಗಿ ಹಿಂತಿರುಗಿ ನೋಡಿದಳು. ಅತ್ತೆ ಕಾಲ್ಬೆರಳಿನಿಂದ ಸ್ವಿಚ್ಚು ಒತ್ತಿದಳು. ಕಹಳೆ ವೇಗ ಹಿಡಿಯಿತು, ಉರುಳೆ ಅದರ ಹಿಂದೆ ನಿಧಾನವಾಗಿ ಎದ್ದಿತು, ದನಿ ನಡುಗುತ್ತ ನಡುಗುತ್ತ ಮೇಲೇರಿತು. ನಾನು ಚಪ್ಪಾಳೆ ಹೊಡೆಯಬೇಕು ಅನ್ನುವಷ್ಟರಲ್ಲಿ ಅತ್ತೆ ಕೈ ತೆಗೆದಳು.

“ಜೋರು ಸಾಲವಲ್ದು.”

“ಏನ ಬೇ ಅತ್ತಿ?”

“ಕೆಳಗಿಂದು ಎದ್ದೈತಿ ಖರೆ, ಓಡವಲ್ದು. ಎಮ್ಮಿ ನಡದಂಗ ನಡದೈತಿ. ಮೊದಲ ಹಿಂಗಿರಲಿಲ್ಲ.”

ಎಲ್ಲರ ಮುಂದೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಾನು ಸುತ್ತಿದ ಸುರುಳಿಯದೇ ತಪ್ಪೇನೋ ಎಂದು ಹಿಂದೆ ಹೋಗಿ ಕೂತೆ. ಸುರುಳಿ ತಣ್ಣಗಿತ್ತು, ಮೋಟಾರು ಸರಿಯಾಗಿಯೇ ಓಡುತ್ತಿತ್ತು. ಆಗ ಮೋಟಾರಿನ ಸಣ್ಣ ರಾಟೆಯ ಮೇಲೆ ಕಣ್ಣು ಹೋಯಿತು. ಅದರಲ್ಲಿ ಮೆಟ್ಟಿಲಿನ ಹಾಗೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಕಂಠಗಳು. ಹುರಿಯನ್ನು ನಾನು ಎಲ್ಲಕ್ಕಿಂತ ಸಣ್ಣದಕ್ಕೆ ಹಾಕಿದ್ದೆ! ಅದು ದೊಡ್ಡದಾದಷ್ಟೂ ಉರುಳೆಯ ವೇಗ ಹೆಚ್ಚು. ಬೆರಳಿನಿಂದ ಎಬ್ಬಿಸಿ ದೊಡ್ಡದಕ್ಕೆ ಕೂರಿಸಿದೆ.

“ಈಗ ಬಾರಸು ಅತ್ತಿ!”

ಅತ್ತೆ ಎರಡು ಸ್ವರ ಹಿಡಿದು ಸ್ವಿಚ್ಚು ಒತ್ತಿದಳು. ಈ ಸಲ ದನಿ ಎದ್ದ ರೀತಿಯೇ ಬೇರೆ. ಅಂಗಡಿಯ ಪತ್ರಾಸ್ ತಗಡಿನ ಮಾಡು, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು ಎಲ್ಲ ಸಣ್ಣಗೆ ಝಣಝಣಿಸಿದವು. ಅತ್ತೆಯ ಮುಖ ನೋಡಿದೆ. ಕಣ್ಣು ಮುಚ್ಚಿದ್ದಳು. ಮೊದಲು ಒಂದು ಭಜನೆಯ ಧಾಟಿ ಹಿಡಿದವಳು ಅದನ್ನು ಹಾಗೆಯೇ ತಿರುಗಿಸಿ ಕುಣಿತದ ಲಯಕ್ಕೆ ತಂದಳು, ಬೆರಳುಗಳು ಓಡಿದವು. ಗೋಕಾಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಗಳಿಗೆಯಲ್ಲಿ ನಗುತ್ತಲೂ ಇದ್ದರು. “ನಮ್ಮ ಮಾವ ಇದರ ಸಲುವಾಗಿ ಹುಚ್ಚ ಆಗಿದ್ರು ಅಂದ್ರ ಸುಳ್ಳಲ್ಲ,” ಅಂದರು.

ಮಾಮಾ ಕದಿರನ್ನು ಕೈಯಲ್ಲಿ ಹಿಡಿದು ನೂಲುವುದನ್ನೇ ಮರೆತು ನಿಂತಿದ್ದರು. ಹಾಡು ಮುಗಿದ ಮೇಲೆ ಹೆಂಡತಿಯನ್ನು ಕೇಳಿದರು, “ಇಷ್ಟ ದಿನಾ ಇದನ್ನೆಲ್ಲಾ ಎಲ್ಲಿಟ್ಟಿದ್ದಿ?”

“ನೀ ಎಲ್ಲಿ ಕೇಳಿದಿ?” ಅಂದಳು ಅತ್ತೆ. ಅದರಲ್ಲಿ ಸಿಟ್ಟಿರಲಿಲ್ಲ, ಬಿಂಕ ಇತ್ತು. ನಾನು ಅವಳನ್ನು ಅಷ್ಟು ಚಿಕ್ಕವಳಾಗಿ ನೋಡಿರಲಿಲ್ಲ.

ಪೆಟ್ಟಿಗೆ ಈಗ ಹಿಡಕಲ್‌ನ ಅವರ ಪಡಸಾಲೆಯಲ್ಲಿದೆ. ಮೊಮ್ಮಕ್ಕಳು ಅದರ ಸಂದುಗಳ ಮುಂದೆ ಕೂತು “ಆ” ಎಂದು ಕೂಗಿ ತಮ್ಮ ದನಿಯೂ ತಿರುಗುತ್ತದೆಯೇ ಎಂದು ನೋಡುತ್ತಾರಂತೆ. ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗಿ, ಕಳೆದ ಲಗ್ನದ ಹಂಗಾಮಿನಲ್ಲಿ ಅಂಕಲಗಿಯಿಂದ ಅತ್ತೆಯ ಬೀಗರು ಕರೆ ಕಳಿಸಿದರು. ಅವರ ಮನೆಯ ಮದುವೆಯಲ್ಲಿ ಅರಿಶಿಣದ ದಿನ ಅತ್ತೆ ಬಾರಿಸಬೇಕು. ಅವಳು ಮೊದಲು ಒಲ್ಲೆ ಅಂದಳು, ಆಮೇಲೆ ಯಾವ ಸೀರೆ ಉಡಲಿ ಎಂದು ನನಗೆ ಫೋನ್ ಮಾಡಿದಳು.

ನಾನು, ಯಜಮಾನರು ಇಬ್ಬರೂ ಹೋದೆವು. ಪೆಟ್ಟಿಗೆಯನ್ನು ಹಂದರದ ನಡುವೆ ಇಡಿಸಿ, ನಾನು ಅದರ ಹಿಂದೆ ಮೀಟರ್ ಹಿಡಿದು ಕೂತೆ. ನೆರೆದ ಹೆಂಗಸರಿಗೆ ಅದು ಏನೆಂದು ಗೊತ್ತಿರಲಿಲ್ಲ. ಒಬ್ಬಾಕೆ ಬಂದು ಒಳಗೆ ಫ್ಯಾನು ಐತೇನ್ರಿ, ಭಾಳ ಸೆಕಿ, ಈ ಕಡೆ ತಿರುವ್ರಿ ಅಂದಳು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು, ಮೂಗುತಿ ಸರಿಮಾಡಿಕೊಂಡು ಕೂತಳು. ನಿಧಾನದಲ್ಲಿ ಶುರು ಮಾಡಿದಳು. ಮಾತುಗಳು ಒಂದೊಂದಾಗಿ ನಿಂತವು. ಅವಳ ಕಾಲ್ಬೆರಳು ಸ್ವಿಚ್ಚಿನ ಕಡೆ ಸರಿಯುವುದು ನನಗೆ ಕಂಡಿತು, ನಾನು ಕೈಯನ್ನು ಪೆಟ್ಟಿಗೆಯ ಬೆನ್ನ ಮೇಲಿಟ್ಟೆ. ಒಳಗೆ ಉರುಳೆ ಎದ್ದು ಓಡತೊಡಗಿದ್ದು ಅಂಗೈಗೆ ಗೊತ್ತಾಯಿತು. ಹಂದರದ ತುಂಬ ದನಿ ಸುತ್ತಿತು. ಅರಿಶಿಣ ಹಚ್ಚುತ್ತಿದ್ದ ಮುತ್ತೈದೆಯರು ಹಾಗೆಯೇ ಕೈ ಎತ್ತಿ ಕುಣಿಯತೊಡಗಿದರು. ಮದುಮಗಳೂ ಮಣೆಯಿಂದ ಎದ್ದಳು.

ಹಾಡು ಮುಗಿದಾಗ ಮುಂದಿನದು ಯಾವುದು ಹೇಳ್ರಿ ಎಂದು ಯಾರೋ ಕೂಗಿದರು. ಅತ್ತೆ ಅಷ್ಟರಲ್ಲೇ ಶುರು ಮಾಡಿದ್ದಳು.